ಈರುಳ್ಳಿಗಿರುವ ಒಪ್ಪಂದ ನಮಗೇಕಿಲ್ಲ, ಏಜೆಂಟರೇ?

ಮಾಲ್ದೀವ್ಸ್‌ಗೆ ಟೀಚರುಗಳನ್ನು ಸರಬರಾಜು ಮಾಡುವ ಸನ್ಮಾನ್ಯ ಏಜೆಂಟರಿಗೆ, ತಾವು ಕಳಿಸಿದ ಗಣಿತದ ಮಿಸ್ ಮಾಡುವ ನಮಸ್ಕಾರಗಳು.

ತಮ್ಮ ಆಫೀಸಿನ ಗೋಡೆಯ ಮೇಲಿದ್ದ ಪೋಸ್ಟರ್ ಇನ್ನೂ ಅಲ್ಲೇ ಇದೆಯೆಂದು ನಂಬಿದ್ದೇನೆ. ನೀಲಿ ಸಮುದ್ರ, ನೀರಿನ ಮೇಲೆ ನಿಂತ ಮರದ ಮನೆ, ಕಪ್ಪು ಕನ್ನಡಕದ ದಂಪತಿ. ಅದರಲ್ಲಿ ಸುಳ್ಳೇನಿಲ್ಲ. ಆದರೆ 1972ರಲ್ಲಿ ಮೊದಲ ರೆಸಾರ್ಟ್ ಶುರುವಾದ ಈ ದೇಶದಲ್ಲಿ ರೆಸಾರ್ಟಿನ ದ್ವೀಪ ಬೇರೆ, ಊರಿನ ದ್ವೀಪ ಬೇರೆ. ಹತ್ತಿರ ಹತ್ತಿರ 1,200 ದ್ವೀಪಗಳಲ್ಲಿ ಊರು ಅನ್ನಿಸಿಕೊಂಡವು 200ಕ್ಕೂ ಕಡಿಮೆ; ತಾವು ನನ್ನನ್ನು ಹಾಕಿದ್ದು ಅಂಥದ್ದೊಂದಕ್ಕೆ. ಕತ್ತಲಾದ ಮೇಲೆ ದೂರದಲ್ಲಿ ರೆಸಾರ್ಟಿನ ದೀಪ ಕಾಣುತ್ತದೆ. ಅಲ್ಲಿ ಒಂದು ರಾತ್ರಿ ತಂಗಲು ಮಿಸ್ಸಿನ ಸಂಬಳದ ಎಷ್ಟು ಭಾಗ ಬೇಕು ಅಂತ ಏಳನೇ ತರಗತಿಗೆ ಭಿನ್ನರಾಶಿ ಲೆಕ್ಕ ಕೊಡೋಣ ಎಂದಿದ್ದೆ. ಮಧ್ಯಾಹ್ನದೊಳಗೆ ಉತ್ತರ ಊರಿಗೆಲ್ಲ ತಿಳಿಯುತ್ತದಲ್ಲ ಎಂದು ಸುಮ್ಮನಾದೆ.

ನನಗೆ ಸಮುದ್ರದ ಮೇಲೆ ಸಿಟ್ಟಿಲ್ಲ. ಹೊಟ್ಟೆಕಿಚ್ಚಿರುವುದು ಈರುಳ್ಳಿಯ ಮೇಲೆ. 1981ರಲ್ಲಿ ಭಾರತ ಮತ್ತು ಮಾಲ್ದೀವ್ಸ್ ಒಂದು ವ್ಯಾಪಾರ ಒಪ್ಪಂದ ಮಾಡಿಕೊಂಡವು. ಅದರಡಿ ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ, ಆಲೂಗಡ್ಡೆ, ಈರುಳ್ಳಿ, ಮೊಟ್ಟೆ, ಕೊನೆಗೆ ಹೊಳೆ ಮರಳು, ಜಲ್ಲಿಗೂ ಇಷ್ಟಿಷ್ಟೆಂದು ಕೋಟಾ ಗೊತ್ತುಮಾಡುತ್ತಾರೆ. ಭಾರತ ಈರುಳ್ಳಿ ರಫ್ತು ನಿಲ್ಲಿಸಿದಾಗಲೂ ಇಲ್ಲಿಗೆ ಬರುವ ಈರುಳ್ಳಿಗೆ ವಿನಾಯಿತಿ ಇತ್ತು. ಜಲ್ಲಿಕಲ್ಲಿಗೂ ಎರಡು ಸರ್ಕಾರಗಳ ರುಜು! ನನ್ನ ಕಾಗದದಲ್ಲಿದ್ದದ್ದು ತಮ್ಮ ರಬ್ಬರ್ ಸ್ಟ್ಯಾಂಪು, ‘ಸೂಕ್ತ ವಸತಿ’ ಎಂಬೆರಡು ಪದ. ಸೂಕ್ತ ವಸತಿಯಲ್ಲಿ ಈಗಾಗಲೇ ಇಬ್ಬರು ಬಯಾಲಜಿ ಮಿಸ್ಸುಗಳಿದ್ದರು, ಒಂದು ಒಲೆಯಿತ್ತು, ಸ್ನಾನಕ್ಕೆ ಉಪ್ಪುಪ್ಪು ಬಾವಿ ನೀರು, ಕುಡಿಯಲು ಮಳೆನೀರಿನ ಟ್ಯಾಂಕು.

ಈರುಳ್ಳಿ ಬರುವುದು ರಾಜಧಾನಿ ಮಾಲೆಯಿಂದ, ದೋಣಿಯಲ್ಲಿ. ಗಾಳಿಮಳೆಯಾದರೆ ಅದಿಲ್ಲ. ಬಂದ ದಿನ ಜೆಟ್ಟಿಯಲ್ಲಿ ಜಾತ್ರೆ. ನಾನು ಸೂಟ್‌ಕೇಸ್ ಹಿಡಿದು ಇಳಿದಾಗಲೂ ಜನ ಸೇರಿದ್ದರು. ‘ಟೀಚರ್ ಬಂದರು’ ಎಂದು ಯಾರೋ ಕೂಗಿದರು. ‘ಟೊಮೇಟೊ ಬಂತಾ?’ ಎಂದು ಇನ್ಯಾರೋ ಕೇಳಿದರು. ಇಲ್ಲಿನವರ ಬೆಳಗಿನ ತಿಂಡಿ ಮಸ್‌ಹುನಿಯಲ್ಲಿ ಟ್ಯೂನಾ, ಕಾಯಿತುರಿ, ಮೆಣಸಿನಕಾಯಿಯ ಜೊತೆ ಈರುಳ್ಳಿ ಸುಖವಾಗಿ ಸಂಸಾರ ಹೂಡಿದೆ. ಮೀನು ಮುಟ್ಟದ ಮನೆಯಿಂದ ಬಂದ ನಾನು ಹೋಟೆಲಿನಲ್ಲಿ ಮೀನಿಲ್ಲದ್ದೇನಾದರೂ ಇದೆಯೇ ಎಂದರೆ, ‘ಇದರಲ್ಲಿ ಇಲ್ಲ ಮಿಸ್, ಸ್ವಲ್ಪ ಟ್ಯೂನಾ ಅಷ್ಟೇ’ ಎನ್ನುತ್ತಾರೆ. ಅಪ್ಪಟ ಪ್ರೀತಿಯಿಂದಲೇ ಎನ್ನುತ್ತಾರೆ, ಅದೇ ಕಷ್ಟ.

ವಾರದ ರಜೆ ಶುಕ್ರವಾರ, ಶನಿವಾರ. ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಭಾನುವಾರ ನಾನು ಬೋರ್ಡಿನ ಮುಂದೆ ನಿಂತಿರುವಾಗ ಅಮ್ಮನ ಫೋನು: ‘ಇವತ್ತು ರಜಾ ಅಲ್ವೇನೇ, ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡು.’ ತಾವು ಅಮ್ಮನಿಗೂ ಒಂದು ಓರಿಯೆಂಟೇಷನ್ ಕೊಡಬಹುದಿತ್ತು.

ಪಾಠದ ವಿಷಯ ತಮಗೆ ಬೇಕಿಲ್ಲ, ಆದರೂ ಹೇಳುತ್ತೇನೆ. ಇಲ್ಲಿನ ಮಕ್ಕಳು ಧಿವೇಹಿ ಭಾಷೆ ಬರೆಯುವ ತಾನಾ ಲಿಪಿ ಬಲದಿಂದ ಎಡಕ್ಕೆ ಓಡುತ್ತದೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬೀ ಅಂಕಿಗಳಿಂದ ಹುಟ್ಟಿದವು, ಮುಂದಿನ ಒಂಬತ್ತು ಇಲ್ಲಿನದೇ ಹಳೆಯ ಅಂಕಿಗಳಿಂದ. ಅವರ ಹಿರಿಯರು ಅಂಕಿಗಳನ್ನೆಲ್ಲ ಅಕ್ಷರ ಮಾಡಿ ನೆಮ್ಮದಿಯಾಗಿದ್ದರು. ನಾನು ಸಮುದ್ರ ದಾಟಿ ಬಂದು, ಬೀಜಗಣಿತದ ಹೆಸರಲ್ಲಿ, ಅಕ್ಷರವನ್ನು ಮತ್ತೆ ಅಂಕಿ ಮಾಡಿರೆಂದು ಪೀಡಿಸುತ್ತಿದ್ದೇನೆ. ಕೊನೇ ಬೆಂಚಿನ ಹುಡುಗ ನನ್ನನ್ನು ನೋಡುವ ನೋಟ ನ್ಯಾಯವಾಗಿಯೇ ಇದೆ. ಅವನೇ ಸಂಜೆ ನನ್ನ ಅಕ್ಕಿ ಚೀಲ ಹೊತ್ತು ಮನೆಗೆ ತಂದಿಳಿಸಿ, ಹೋಂವರ್ಕ್ ಕಡಿಮೆ ಕೊಡಿ ಎನ್ನುತ್ತಾನೆ. ಈ ದೇಶದಲ್ಲಿ ನನ್ನ ಜೊತೆ ಚೌಕಾಸಿ ಮಾಡಲು ಬರುವವನು ಅವನೊಬ್ಬನೇ. ಉಳಿದದ್ದೆಲ್ಲ ತಾವು ಮೊದಲೇ ಮುಗಿಸಿಬಿಟ್ಟಿದ್ದೀರಿ.

ಇನ್ನು ಸಂಬಳ. ತಾವು ಕ್ಯಾಲ್ಕುಲೇಟರ್ ಹಿಡಿದು ಇಲ್ಲಿನ ದುಡ್ಡು ರುಫಿಯಾವನ್ನು ಡಾಲರಾಗಿಸಿ, ಡಾಲರನ್ನು ರೂಪಾಯಿಯಾಗಿಸಿ ಅಪ್ಪನಿಗೆ ತೋರಿಸಿದ ಮೊತ್ತ ಬಹಳ ಚಂದವಿತ್ತು. ಅಪ್ಪ ಎರಡು ಸಲ ಕನ್ನಡಕ ಒರೆಸಿಕೊಂಡರು. ಡಾಲರಿಗೆ 15.42 ರುಫಿಯಾ ಎಂಬ ಸರ್ಕಾರಿ ದರ ಬಹಳ ವರ್ಷಗಳಿಂದ ಕದಲದೆ ಕೂತಿದೆ ನಿಜ. ಆ ದರಕ್ಕೆ ಬ್ಯಾಂಕು ಡಾಲರ್ ಕೊಡುವುದು ಅಳೆದು ಸುರಿದು; ಹೊರಗೆ ಸಿಗುತ್ತದೆ, ಆ ದರಕ್ಕಲ್ಲ. ಹೀಗಾಗಿ ನನ್ನ ಸಂಬಳ ಒಂದು ದೇಶದಲ್ಲಿ ಹುಟ್ಟಿ, ಇನ್ನೊಂದು ದೇಶಕ್ಕೆ ಹೊರಟು, ನಡುವೆ ಮೂರನೆಯ ದೇಶದ ದುಡ್ಡಿಗಾಗಿ ಕಾಯುತ್ತ ಕೂರುತ್ತದೆ. ಗಣಿತದವಳಾದರೂ ಅದನ್ನು ಬಿಡಿಸಲಾರೆ.

ಮುಂದಿನ ಕಂತು ಟೀಚರುಗಳನ್ನು ಕಳಿಸುವಾಗ ಪೋಸ್ಟರಿನ ಪಕ್ಕ ಇಷ್ಟು ಬರೆದು ಅಂಟಿಸಿ: ಕುಕ್ಕರಿನ ಗ್ಯಾಸ್ಕೆಟ್ ಎರಡು ತನ್ನಿ. ಹುಣಸೆಹಣ್ಣು, ಸಾರಿನ ಪುಡಿ ತನ್ನಿ. ದೇವರ ವಿಗ್ರಹ ತರಬೇಡಿ, ಕಸ್ಟಮ್ಸಿನವರು ಬಿಡುವುದಿಲ್ಲ. ರಂಜಾನಿನಲ್ಲಿ ಹಗಲು ಹೊರಗೆ ನಿಂತು ಬಿಸ್ಕತ್ತು ತಿನ್ನಬೇಡಿ. ಅಪ್ಪನಿಗೆ ಮೊತ್ತ ತೋರಿಸಬೇಡಿ.

ಈ ಸಲಹೆಗೆ ನನಗೂ ಕಮಿಷನ್ ಬರಬೇಕು. ದಯವಿಟ್ಟು ಡಾಲರಿನಲ್ಲೇ ಕೊಡಿ.

ಇಂತಿ,
ಕೋಟಾ ಇಲ್ಲದೆ ರಫ್ತಾದ
ತಮ್ಮ ಗಣಿತದ ಮಿಸ್