ಸೆಕ್ರೆಟರಿ ಸಾಹೇಬ್ರು

ಹಾವೇರಿ ಜಿಲ್ಲೆಯ ಯಾವ ತಾಲ್ಲೂಕು ಊರಿಗೇ ಹೋಗಿ, ಹಳೇ ಊರು ಮುಗಿದು ಪ್ಲಾಟುಗಳು ಶುರುವಾಗುವ ಕಡೆ ಬೆಳಿಗ್ಗೆ ಆರೂವರೆಗೆ ಅವರು ಸಿಕ್ಕೇ ಸಿಗುತ್ತಾರೆ. ತಲೆಗೆ ಮಂಕಿ ಕ್ಯಾಪು, ಮೈಗೆ ತೋಳಿಲ್ಲದ ಸ್ವೆಟರು, ಕಾಲಿಗೆ ಮಗ ಬಿಟ್ಟುಹೋದ ಸ್ಪೋರ್ಟ್ಸ್ ಬೂಟು, ಕೈಯಲ್ಲೊಂದು ಕೋಲು. ಕೋಲು ನಾಯಿಗೆಂದು ಅವರು ಹೇಳುತ್ತಾರೆ. ಆದರೆ ಅದರ ನಿಜವಾದ ಉಪಯೋಗ ಗಟಾರದಲ್ಲಿ ಸಿಕ್ಕಿಬಿದ್ದ ಚೀಲ ಎತ್ತಿ, ಒಳಗಿನ ಕಾಗದ ಓದಿ, ಕಸ ಯಾರ ಮನೆಯದೆಂದು ಪತ್ತೆ ಹಚ್ಚುವುದು. ಯಾರ ಮನೆ ಮುಂದೆ ಉಸುಕು ಬಿದ್ದಿದೆ, ಯಾರ ಖಡಿ ರಸ್ತೆಗೆ ಬಂದಿದೆ, ಯಾರ ಟಾಕಿ ತುಂಬಿ ಹರಿಯುತ್ತಿದೆ ಎಂಬುದೆಲ್ಲ ಏಳು ಗಂಟೆಯೊಳಗೆ ಅವರ ಕಿಸೆಯ ಡೈರಿ ಸೇರಿರುತ್ತದೆ. ಡಾಕ್ಟರು ಇವರಿಗೆ ಬರೆದುಕೊಟ್ಟದ್ದು ವಾಕಿಂಗು. ಇವರು ನಡೆಸುವುದು ತಪಾಸಣೆ.

ಇವರೇ ಬಡಾವಣೆ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಸೆಕ್ರೆಟರಿ ಸಾಹೇಬ್ರು. ಅಧ್ಯಕ್ಷರೆಂದು ಬೇರೊಬ್ಬರು ಇರುತ್ತಾರೆ. ಅವರು ಊರಲ್ಲಿ ಇರುವುದಿಲ್ಲ.

ರಾಜ್ಯ ಸರ್ಕಾರ ತನ್ನ ನೌಕರನನ್ನು 60 ತುಂಬಿದೊಡನೆ ಮನೆಗೆ ಕಳಿಸುತ್ತದೆ. ಶಾಲು, ಹಾರ, ಗೋಡೆ ಗಡಿಯಾರ ಹೊತ್ತು ಬಂದ ಮನುಷ್ಯ ಮೊದಲು ಕೆಲವು ತಿಂಗಳು ಅಡಿಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾನೆ, ಗ್ಯಾಸು ಎಷ್ಟು ದಿನ ಬಂತೆಂದು ಲೆಕ್ಕ ಇಡುತ್ತಾನೆ, ಹಾಲಿನವನ ಕೂಡ ಡಿಗ್ರಿ ವಿಷಯ ಮಾತಾಡುತ್ತಾನೆ. ಕಡೆಗೆ ಮನೆಯಾಕೆಯೇ ದಾರಿ ತೋರಿಸುತ್ತಾಳೆ: “ಇಷ್ಟ ಮಂದಿ ಸಂಘಾ ಮಾಡ್ತಾರ, ನೀವೂ ಒಂದ ಮಾಡಬಾರದೇನ್ರಿ? ಮುಂಜಾನಿಂದ ಸಂಜೀತನಕ ಆಗಬೇಕ ನೋಡ್ರಿ, ಅಂಥಾದ್ದ.”

ಮಾಡುವುದೇನೂ ಕಷ್ಟವಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960 ಕೇಳುವುದು ಏಳು ಜನರ ಸಹಿ. ಒಬ್ಬರಿಗೆ ಅಧ್ಯಕ್ಷ ಪದವಿ, ಉಳಿದವರಿಗೆ ಉಪಾಧ್ಯಕ್ಷ, ಸಹಕಾರ್ಯದರ್ಶಿ, ಖಜಾಂಚಿ ಎಂದು ಹಂಚಿದರೆ ಏಳೂ ಸಹಿ ಒಂದೇ ಸಂಜೆಯಲ್ಲಿ ಬೀಳುತ್ತವೆ. ಸಂಘ ಕಟ್ಟುವುದು ಈ ಸೀಮೆಗೆ ಹೊಸದೂ ಅಲ್ಲ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ದರು. ಶಿರಾಲಿಯ ಚಿತ್ರಾಪುರ ಮಠದ ಸಾರಸ್ವತರು ಮುಂಬೈಗೆ ಹೋಗಿ, ಶ್ರೀಪಾದ ಸುಬ್ಬರಾವ್ ತಲಮಕಿಯವರ ಮುಂದಾಳತ್ವದಲ್ಲಿ 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ವಸತಿ ಸಂಘ ಮಾಡಿ, ಒಂದೇ ಜಿನೆಯನ್ನು ಹತ್ತು ಮನೆಯವರು ಹಂಚಿಕೊಂಡು ಬಾಳುವುದನ್ನು ಕಲಿತರು. ಇತಿಹಾಸದ ಈ ಭಾಗವನ್ನು ಸಾಹೇಬ್ರು ಉದ್ಘಾಟನೆಯ ದಿನ ಒಮ್ಮೆ ಹೇಳುತ್ತಾರೆ. ಮರುದಿನದಿಂದ ವಂತಿಗೆಯ ಪಟ್ಟಿ ಎತ್ತುವುದು ಶುರು.

ತೊಡಕು ಇರುವುದೂ ಅಲ್ಲಿಯೇ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಿದೆ, ಲಿಫ್ಟು ಜನರೇಟರುಗಳ ಹಂಗಿದೆ. ಅಲ್ಲಿ ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಮನೆಯೊಂದರ ತಿಂಗಳ ನಿರ್ವಹಣಾ ಶುಲ್ಕ 7,500 ರೂಪಾಯಿ ಮೀರಿದರೆ ಶೇ 18ರಷ್ಟು ಜಿಎಸ್‌ಟಿ ಬೀಳುತ್ತದೆ. ಶಿಗ್ಗಾವಿಯ ಸಾಹೇಬ್ರಿಗೆ ತಿಂಗಳಿಗೆ ನೂರು ರೂಪಾಯಿ ಎತ್ತುವುದರಲ್ಲಿ ಬೂಟಿನ ಹಿಮ್ಮಡಿ ಸವೆಯುತ್ತದೆ. ಅವರವರ ಗೋಡೆ, ಅವರವರ ಗೇಟು, ಅವರವರ ಬೋರು ಇರುವ ಪ್ಲಾಟುಗಳಲ್ಲಿ ಸಂಘಕ್ಕೆ ಸೇರುವುದೂ ಬಿಡುವುದೂ ಮನೆಯವನ ಇಚ್ಛೆ. ಪಟ್ಟಿ ಕೊಡದವನ ನಳ ಕೀಳುವಂತಿಲ್ಲ, ದಂಡ ಹಾಕಿದರೆ ಅವನು ಕಟ್ಟಬೇಕೆಂದೂ ಇಲ್ಲ.

ಅಮೆರಿಕದ ಕಥೆ ಬೇರೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಮನೆಮಾಲೀಕರ ಸಂಘ ಬಾಕಿದಾರನ ಮನೆಯನ್ನೇ ಹರಾಜಿಗೆ ಒಯ್ಯಬಲ್ಲದು. ಹುಲ್ಲು ಎಷ್ಟು ಎತ್ತರ ಬೆಳೆಯಬೇಕು, ಗೋಡೆಗೆ ಯಾವ ಬಣ್ಣ ಎಂಬುದೂ ಅದರದೇ ಅಪ್ಪಣೆ. ಟೆಕ್ಸಾಸ್‌ನಲ್ಲಿ ತಲೆಬಾಗಿಲಿಗೆ ದೇವರ ಗುರುತು ಹಾಕಿಕೊಳ್ಳಲಿಕ್ಕೂ 2011ರಲ್ಲಿ ಶಾಸನವೇ ಬರಬೇಕಾಯಿತು. ಅದರಲ್ಲೂ ಒಟ್ಟು 25 ಚದರ ಇಂಚಿನ ಮಿತಿ. 2021ರಲ್ಲಷ್ಟೇ ಅದು ಸಡಿಲಾಯಿತು. ಐದು ಇಂಚು ಉದ್ದ, ಐದು ಇಂಚು ಅಗಲದೊಳಗೆ ಯುಗಾದಿಯ ತೋರಣ ಕಟ್ಟುವುದೆಂದರೆ ಒಂದು ಮಾವಿನೆಲೆಯನ್ನೂ ಮಡಚಿಯೇ ಸಿಕ್ಕಿಸಬೇಕು. ಇದನ್ನೆಲ್ಲ ಅಲ್ಲಿರುವ ಮಗ ಫೋನಿನಲ್ಲಿ ಗೋಳಾಡುತ್ತ ಹೇಳಿದರೆ, ಇಲ್ಲಿ ಸಾಹೇಬ್ರಿಗೆ ಮಗನ ಮೇಲೆ ಮರುಕ ಹುಟ್ಟುವುದಿಲ್ಲ. ಅಲ್ಲಿನ ಸೆಕ್ರೆಟರಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟುತ್ತದೆ.

ಕಾಯ್ದೆಯ ಬಲವಿಲ್ಲದ ಮೇಲೆ ಉಳಿದದ್ದು ನಾಲಿಗೆ ಮತ್ತು ವಾಟ್ಸಾಪ್ ಗ್ರೂಪು. “ಕೆಲವರು ಗಟಾರಕ್ಕೆ ಅನ್ನ ಚೆಲ್ಲುತ್ತಿರುವುದು ಗಮನಕ್ಕೆ ಬಂದಿದೆ” ಎಂದು ಬೆಳಿಗ್ಗೆ ಏಳೂಕಾಲಿಗೆ ಸಂದೇಶ ಬೀಳುತ್ತದೆ. ಹೆಸರಿಲ್ಲ. ಆದರೆ ಕೆಳಗಿನ ಫೋಟೋದಲ್ಲಿ ಗಟಾರದ ಹಿಂದಿನ ಗೇಟು, ಗೇಟಿನ ಬಣ್ಣ, ಗೇಟಿಗೆ ಒರಗಿಸಿದ ಬೈಕಿನ ನಂಬರು ಎಲ್ಲ ಸ್ಪಷ್ಟ. ಹನ್ನೊಂದು ಜನ ಕೈಮುಗಿಯುವ ಚಿತ್ರ ಹಾಕುತ್ತಾರೆ. ಆ ಗೇಟಿನವರೂ ಹಾಕುತ್ತಾರೆ.

ಊರಿಗೆ ತಕ್ಕ ಹಾಗೆ ಸಾಹೇಬ್ರ ಪೂರ್ವಾಶ್ರಮ ಬದಲಾಗುತ್ತದೆ. ಹಾನಗಲ್ಲಿನಲ್ಲಿ ಅವರು ನಿವೃತ್ತ ಹೆಡ್‌ಮಾಸ್ತರರು. ಪಟ್ಟಿಯ ಪಾವತಿ ಪುಸ್ತಕದಲ್ಲಿ ಕಾಗುಣಿತ ತಪ್ಪಿದರೆ ಹರಿದು ಬೇರೆ ಬರೆಯುತ್ತಾರೆ. ಅಲ್ಲಿನ ತಾರಕೇಶ್ವರ ದೇವಸ್ಥಾನ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರು ಅನುಮತಿ ಬೇಕು ಎಂಬ 2010ರ ತಿದ್ದುಪಡಿಯನ್ನು ಕಂಠಪಾಠ ಮಾಡಿರುವ ಇವರು, ಎರಡು ಕಿಲೋಮೀಟರು ದೂರದ ಪ್ಲಾಟಿನಲ್ಲಿ ಜಿನೆ ಕಟ್ಟುವವನಿಗೂ ಅದನ್ನು ಹೇಳಿ ಒಂದು ರಾತ್ರಿಯ ನಿದ್ದೆ ಕೆಡಿಸುತ್ತಾರೆ. ಶಿಗ್ಗಾವಿಯಲ್ಲಿ ಅವರು ಬ್ಯಾಂಕಿನಿಂದ ಬಂದವರು. ಅವರ ಚಿಂತೆ ಇರುವವರದಲ್ಲ, ಇಲ್ಲದವರದು. “ಹೈವೇ ಟಚ್” ಎಂದು ರಾಷ್ಟ್ರೀಯ ಹೆದ್ದಾರಿ 48ರ ಹೆಸರಿನಲ್ಲಿ ಪ್ಲಾಟು ಕೊಂಡವರು ಹುಬ್ಬಳ್ಳಿ, ಪುಣೆ, ಬೆಂಗಳೂರಿನಲ್ಲಿದ್ದಾರೆ. ಇಲ್ಲಿ ಅವರ ಪ್ಲಾಟಿನಲ್ಲಿ ಜಾಲಿ ಬೆಳೆದು, ಜಾಲಿಯೊಳಗೆ ಹಾವು ಸಂಸಾರ ಹೂಡಿದೆ. ಸಾಹೇಬ್ರು ಹಾವಿನ ಫೋಟೋ ತೆಗೆದು ಪುಣೆಗೆ ಕಳಿಸುತ್ತಾರೆ: “ನಿಮ್ಮ ಬಾಡಿಗೆದಾರರು.”

ಸವಣೂರಿನಲ್ಲಿ ಅವರು ಕೆಇಬಿಯವರು. ಕಂಪನಿ ಹೆಸ್ಕಾಂ ಆಗಿ ಎರಡು ದಶಕ ದಾಟಿದ್ದರೂ ಅವರ ಬಾಯಲ್ಲಿ ಅದು ಕೆಇಬಿಯೇ. ದೊಡ್ಡಹುಣಸೆ ಕಲ್ಮಠದ ಮಹಾವೃಕ್ಷಗಳನ್ನು ಬಂದ ನೆಂಟರಿಗೆಲ್ಲ ಅಭಿಮಾನದಿಂದ ತೋರಿಸುವ ಇವರು, ಪಕ್ಕದವರ ಬೇವಿನ ಟೊಂಗೆ ತಂತಿಗೆ ತಾಗಿದರೆ ಮಾತ್ರ ಸಹಿಸುವುದಿಲ್ಲ. 1912 ಎಂಬ ನಂಬರು ಅವರ ಫೋನಿನಲ್ಲಿ ಮಗಳ ನಂಬರಿಗಿಂತ ಮೇಲಿದೆ. ಹಿರೇಕೆರೂರಿನಲ್ಲಿ ಅವರು ಕೃಷಿ ಇಲಾಖೆಯವರು, ಪಟ್ಟಣ ಪಂಚಾಯತಿಯ ಮೆಟ್ಟಿಲು ಅವರ ಗುರುತು ಹಿಡಿಯುತ್ತದೆ. ಸುಗ್ಗಿಯಲ್ಲಿ ಬಡಾವಣೆಯ ಸಿಮೆಂಟು ರಸ್ತೆಯ ತುಂಬ ಗೋವಿನಜೋಳ ಒಣಗುತ್ತದೆ. ರಸ್ತೆ ವಾಹನಕ್ಕೋ ಕಾಳಿಗೋ ಎಂದು ಅವರು ಗ್ರೂಪಿನಲ್ಲಿ ಗುಡುಗುತ್ತಾರೆ. ಮರುದಿನ ಅವರ ಸ್ವಂತ ತಮ್ಮನೇ ಹೊಲದಿಂದ ಟ್ರ್ಯಾಕ್ಟರು ತಂದು ಅವರ ಮನೆ ಮುಂದೆಯೇ ರಾಶಿ ಸುರಿದಾಗ, “ತೇವಾಂಶ ಶೇ 14ಕ್ಕ ಇಳೀಬೇಕಲ್ರಿ, ಎರಡ ದಿನದ ಮಾತು” ಎಂಬ ತಾಂತ್ರಿಕ ವಿವರಣೆ ಬರುತ್ತದೆ.

ಇಷ್ಟು ಕಾಟದ ಮನುಷ್ಯನನ್ನು ಜನ ಯಾಕೆ ಇಟ್ಟುಕೊಂಡಿದ್ದಾರೆ ಎಂಬುದಕ್ಕೆ ಉತ್ತರ ಬಡಾವಣೆಯ ನಡುವಿನ ಖಾಲಿ ಜಾಗದಲ್ಲಿದೆ. ನಕ್ಷೆಯಲ್ಲಿ ಅದು ಉದ್ಯಾನ. ನೆಲದ ಮೇಲೆ ಒಂದು ಬಣವಿ, ಎರಡು ಎಮ್ಮೆ, ಒಂದು ಮುರಿದ ಟ್ರಾಲಿ. ಒಂದು ಬೆಳಿಗ್ಗೆ ಯಾರೋ ಬಂದು ಕಲ್ಲು ನೆಟ್ಟು ಅಳತೆಪಟ್ಟಿ ಹಿಡಿಯುತ್ತಾರೆ. ಉಳಿದವರು ಕಿಟಕಿಯಿಂದ ನೋಡುತ್ತಾರೆ, ಸಾಹೇಬ್ರು ಕೋಲು ಹಿಡಿದು ಹೋಗುತ್ತಾರೆ. ಉದ್ಯಾನ, ಆಟದ ಮೈದಾನಗಳ ಸಂರಕ್ಷಣೆಗೆ 1985ರ ಕಾಯ್ದೆಯಿದೆ ಎಂದು ಅವರಿಗೆ ಗೊತ್ತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನದ ಜಾಗ ಖಾಸಗಿ ಆಸ್ಪತ್ರೆಗೆ ಹೋದಾಗ ನಿವಾಸಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ 1991ರಲ್ಲಿ ಗೆದ್ದುಬಂದ ಮುದ್ದಪ್ಪ ಪ್ರಕರಣದ ಜೆರಾಕ್ಸು ಅವರ ಪೆಟ್ಟಿಗೆಯಲ್ಲಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಾರೆ. 30 ದಿನ ತುಂಬಿದ ದಿನವೇ ಪುರಸಭೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಇವರನ್ನು ಕಂಡರೆ ಗುಮಾಸ್ತರು ಚಹಕ್ಕೆ ಹೋಗುತ್ತಾರೆ, ಇವರೂ ಚಹದಂಗಡಿಗೆ ಹೋಗುತ್ತಾರೆ. ಕಡೆಗೆ ಕಲ್ಲು ಕಿತ್ತುಬೀಳುತ್ತವೆ.

2025ರ ಫೆಬ್ರುವರಿಯಲ್ಲಿ ಅನಧಿಕೃತ ಬಡಾವಣೆಗಳ ಆಸ್ತಿಗೂ ಬಿ ಖಾತೆ ಕೊಡುವ ಅಭಿಯಾನ ಶುರುವಾದಾಗ ಇವರ ಸುಗ್ಗಿ. ಖರೀದಿ ಪತ್ರ, ತೆರಿಗೆ ಪಾವತಿ, ಕರೆಂಟು ಬಿಲ್ಲು, ಫೋಟೋ ಎಲ್ಲವನ್ನೂ ಮನೆಮನೆಗೆ ಹೋಗಿ ಜೋಡಿಸಿ, ಪಿನ್ನು ಹೊಡೆದು, ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿದರು. ವರ್ಷಗಟ್ಟಲೆ ಪಟ್ಟಿ ಬಾಕಿ ಇಟ್ಟವನೂ ಕಾಗದ ಹಿಡಿದು ಇವರ ಕಟ್ಟೆಗೆ ಬಂದ. ಸಾಹೇಬ್ರು ಕೆಲಸ ಮಾಡಿಕೊಟ್ಟರು. ಮೊದಲು ಬಾಕಿಗೆ ಪಾವತಿ ಹರಿದುಕೊಟ್ಟರು.

ಹಾಗೆಂದು ಅವರ ಕಾನೂನು ಪ್ರೀತಿ ಎಲ್ಲ ದಿಕ್ಕಿಗೂ ಒಂದೇ ಸಮ ಹರಿಯುವುದಿಲ್ಲ. ಚಹದ ಗೂಡಂಗಡಿಯನ್ನು 1985ರ ಕಾಯ್ದೆ ತೋರಿಸಿ ಎಬ್ಬಿಸಿದ ಉದ್ಯಾನದಲ್ಲೇ ಮೂಲೆಗೊಂದು ಗಣಪತಿ ಗುಡಿ ಏಳುತ್ತದೆ, ಪಾಯ ಪೂಜೆಯ ಕಾಯಿ ಒಡೆದವರೂ ಇವರೇ. ಸಾರ್ವಜನಿಕ ಜಾಗದಲ್ಲಿ ಹೊಸ ಪೂಜಾಸ್ಥಳ ಬೇಡವೆಂದು ಸುಪ್ರೀಂ ಕೋರ್ಟು 2009ರಲ್ಲೇ ಹೇಳಿದೆಯಲ್ಲ ಎಂದರೆ, “ಅದು ದೇವಸ್ಥಾನ ಅಲ್ರೀ, ಬರೇ ಕಟ್ಟಿ” ಎನ್ನುತ್ತಾರೆ. ಕಟ್ಟೆಗೆ ಶಿಖರ ಬಂದದ್ದು ಹೇಗೆಂಬುದು ಠರಾವು ಪುಸ್ತಕದಲ್ಲಿಲ್ಲ. ಬೀದಿನಾಯಿಗಳ ಮೇಲೂ ಯುದ್ಧ ಸಾರಿದ್ದರು. ಹುಬ್ಬಳ್ಳಿಯಲ್ಲಿ ಕಾನೂನು ಓದುವ ಮೂರನೇ ಅಡ್ಡರಸ್ತೆಯ ಹುಡುಗಿ, 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗೆ ಆಹಾರದ ಜಾಗ ಗೊತ್ತುಮಾಡುವ ಹೊಣೆ ನಿವಾಸಿಗಳ ಸಂಘದ್ದೂ ಹೌದೆಂದು ಗ್ರೂಪಿನಲ್ಲಿ ಹಾಕಿದಳು. ಅಂದಿನಿಂದ ಕೋಲು ಕಂಕುಳಲ್ಲಿ.

ನಗಲಾಗದ ಭಾಗವೂ ಇದೆ. ಬಾಡಿಗೆಗೆ ಬರುವವರನ್ನು ಸಾಹೇಬ್ರು ಗೇಟಿನಲ್ಲೇ ಮಾತಾಡಿಸುತ್ತಾರೆ. ಮೊದಲು ಹೆಸರು, ಆಮೇಲೆ ಊರು, ಆಮೇಲೆ “ಮತ್ತ, ಊಟಾ-ಪಾಟಾ ಹೆಂಗ್ರಿ?” ಈ ಪ್ರಶ್ನೆಯ ಹಿಂದಿರುವುದು ಅಡಿಗೆಯ ಆಸಕ್ತಿಯಲ್ಲ ಎಂದು ಎಲ್ಲರಿಗೂ ಗೊತ್ತು. ಇಂಥ ಅಧಿಕಾರ ಯಾವ ಕಾಯ್ದೆಯೂ ಅವರಿಗೆ ಕೊಟ್ಟಿಲ್ಲ. ಕಸದ ಚೀಲ ಬಿಚ್ಚಿ ನೋಡಿದ ಕಣ್ಣೇ ಇಲ್ಲಿಯೂ ಇಣುಕುತ್ತದೆ. ಉದ್ಯಾನ ಉಳಿಸಿದ ಋಣಕ್ಕೆ ಅಕ್ಕಪಕ್ಕದವರು ಸುಮ್ಮನಿರುತ್ತಾರೆ, ಮನೆ ಸಿಗದವರು ಬೇರೆ ಓಣಿ ಹುಡುಕುತ್ತಾರೆ.

ಕಾಯ್ದೆಯಂತೆ ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ. ಗಿರ್ಮಿಟ್, ಮಿರ್ಚಿ, ಸವಣೂರಿನಿಂದ ತರಿಸಿದ ಖಾರ ಇದ್ದರೆ ಕೋರಂ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಸಾಹೇಬ್ರು ಜಮಾ-ಖರ್ಚು ಓದುತ್ತಾರೆ: ಬಲ್ಬು, ಬ್ಲೀಚಿಂಗ್ ಪೌಡರು, ವಾಲ್ವ್‌ಮನ್ನನಿಗೆ ದೀಪಾವಳಿ ಖುಷಿ. ಕೊನೆಗೆ ಕನ್ನಡಕ ತೆಗೆದು, “ಇನ್ನ ನನ್ನ ಕೈಲಿಂದ ಆಗಂಗಿಲ್ರಿ, ಬ್ಯಾರೇರನ್ನ ಮಾಡ್ರಿ” ಎನ್ನುತ್ತಾರೆ. “ಛೇ ಛೇ, ನೀವಿಲ್ಲಂದ್ರ ಹೆಂಗ್ರಿ ಸಾಹೇಬ್ರ!” ಎಂದು ಎಲ್ಲರೂ ಒಕ್ಕೊರಲಿನಿಂದ ಕೂಗಿ ಮಿರ್ಚಿಗೆ ಕೈ ಹಾಕುತ್ತಾರೆ. ಇದು ಪ್ರತಿವರ್ಷದ ಪದ್ಧತಿ.

ಪದ್ಧತಿ ಗೊತ್ತಿಲ್ಲದ ಹೊಸಬನೊಬ್ಬ ಒಂದಲ್ಲ ಒಂದು ವರ್ಷ ಬಂದೇ ಬರುತ್ತಾನೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಹುಡುಗ. ಎದ್ದು ನಿಂತು, “ಅಂಕಲ್ ಹೇಳೋದು ಸರಿ ಐತಿ, ಅವರಿಗೂ ವಯಸ್ಸಾತು, ನಾ ನೋಡ್ಕೋತೀನಿ” ಎಂದುಬಿಡುತ್ತಾನೆ. ಸಭೆ ತಿನ್ನುವುದನ್ನು ನಿಲ್ಲಿಸುತ್ತದೆ. ಹುಡುಗ ವಾರದೊಳಗೆ ದೂರಿಗೊಂದು ಆ್ಯಪು, ಪಟ್ಟಿಗೊಂದು ಕ್ಯೂಆರ್ ಕೋಡು ಮಾಡುತ್ತಾನೆ. ದೂರು ನಲವತ್ತು ಬರುತ್ತವೆ. ಪಟ್ಟಿ ಎರಡು ಮನೆಯಿಂದ.

ಆಮೇಲೊಂದು ಮಳೆಯ ರಾತ್ರಿ ಇಡೀ ಬಡಾವಣೆಯ ಕರೆಂಟು ಹೋಗುತ್ತದೆ. ನೆಟ್‌ವರ್ಕಿಲ್ಲದೆ ಆ್ಯಪು ತೆರೆಯುವುದಿಲ್ಲ. ಜನ ಟಾರ್ಚು ಹಿಡಿದು ಹಳೇ ಸೆಕ್ರೆಟರಿಯ ಕಟ್ಟೆಗೆ ಬರುತ್ತಾರೆ. “ನಾ ಮಾಜಿ ಅದೀನಿ, ಹಾಲಿ ಅವರನ್ನ ಕೇಳ್ರಿ” ಎಂದು ಅವರು ಬಾಗಿಲು ಹಾಕಿಕೊಳ್ಳುತ್ತಾರೆ. ಹತ್ತು ನಿಮಿಷಕ್ಕೆ ರೇನ್‌ಕೋಟು ತೊಟ್ಟು ಹಿತ್ತಲ ಬಾಗಿಲಿಂದ ಹೊರಟು, ಲೈನ್‌ಮನ್ನನನ್ನು ಅವನ ಮನೆಯಿಂದಲೇ ಎಬ್ಬಿಸಿ ಬೈಕಿನ ಹಿಂದೆ ಕೂರಿಸಿಕೊಂಡು ಬಂದು, ಟಿಸಿ ಕಂಬದ ಕೆಳಗೆ ಬ್ಯಾಟರಿ ಬಿಡುತ್ತ ನಿಲ್ಲುತ್ತಾರೆ. ದೀಪ ಬಂದಾಗ ಹೊಸ ಸೆಕ್ರೆಟರಿ ಕೊಡೆ ಹಿಡಿದು ಓಡಿಬರುತ್ತಾನೆ.

“ಥ್ಯಾಂಕ್ಸ್ ಅಂಕಲ್.”

“ಥ್ಯಾಂಕ್ಸ್ ಇರ್ಲಿ. ಲೈನ್‌ಮನ್ನಗ ಚಹಾಕ್ಕ ಐವತ್ತ ಕೊಟ್ಟೀನಿ, ವೋಚರ್ ಮಾಡಿ ಕೊಡು. ಮತ್ತ ನಿಂದು ಮೂರ ತಿಂಗಳದ್ದು ಪಟ್ಟಿ ಬಾಕಿ ಐತಿ.”