ಗದ್ದಲದಲ್ಲಿ ಕಳೆದುಹೋದವರು

ಲಿಂಕಿನ್ ಪಾರ್ಕ್ ಯಾರಿಗೆ ಗೊತ್ತಿಲ್ಲ? ‘ಹೈಬ್ರಿಡ್ ಥಿಯರಿ’ಯ ಹಾಡು ಹಾಕಿದರೆ ನಮ್ಮ ಆಫೀಸಿನ ಅಕೌಂಟ್ಸ್ ವಿಭಾಗದ ಗಂಭೀರಮೂರ್ತಿಗಳೂ ಮೇಜು ಕುಟ್ಟುತ್ತಾರೆ. ಅಂಥದ್ದನ್ನು ಮೆಚ್ಚುವುದರಲ್ಲಿ ಏನು ಹೆಚ್ಚುಗಾರಿಕೆ? ನನ್ನ ಚಟವೇ ಬೇರೆ. ಅದೇ ಕಾಲದಲ್ಲಿ ಅಷ್ಟೇ ಅರಚಾಡಿಯೂ ಹೆಚ್ಚು ಜನರ ಕಿವಿಗೆ ಬೀಳದೆ ಹೋದ ನ್ಯೂ ಮೆಟಲ್, ಆಲ್ಟರ್ನೇಟಿವ್ ರಾಕ್ ಆಲ್ಬಮ್‌ಗಳನ್ನು ಹುಡುಕಿ ತೆಗೆಯುವುದು.

ಕಾಲವೂ ಹಾಗಿತ್ತು ಅನ್ನಿ. 1994ರಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನ ಕಾರ್ನ್ ತಂಡ ಏಳು ತಂತಿಯ ಗಿಟಾರಿನ ಶ್ರುತಿಯನ್ನು ಇನ್ನಷ್ಟು ಇಳಿಸಿ ಬಾರಿಸಿತು. ಅದು ಗೆದ್ದದ್ದೇ ತಡ, ದೊಗಳೆ ಪ್ಯಾಂಟಿನ ಹುಡುಗರು ಕಂಡಲ್ಲೆಲ್ಲ ರೆಕಾರ್ಡ್ ಕಂಪನಿಗಳು ಕರಾರುಪತ್ರ ಹಿಡಿದು ಓಡಿದವು. 2000ದ ಅಕ್ಟೋಬರಿನಲ್ಲಿ ಬಂದ ಲಿಂಪ್ ಬಿಜ್ಕಿಟ್‌ನ ಮೂರನೆಯ ಆಲ್ಬಮ್ ಅಮೆರಿಕದಲ್ಲಿ ಮೊದಲ ವಾರವೇ 10 ಲಕ್ಷ ಪ್ರತಿ ದಾಟಿತು. ಆ ನೂಕುನುಗ್ಗಲಲ್ಲಿ ಸಣ್ಣಪುಟ್ಟವರನ್ನು ಕೇಳುವವರು ಯಾರು?

“ಯಾರೂ ಕೇಳದೇ ಇದ್ದದ್ದಕ್ಕೆ ಏನಾದರೂ ಕಾರಣ ಇದ್ದೇ ಇರುತ್ತೆ ಕಣ್ರೀ” ಎನ್ನುತ್ತಾಳೆ ನನ್ನ ಹೆಂಡತಿ. ಬಹುಪಾಲಿಗೆ ಅವಳ ಮಾತು ನಿಜ. ಡಿಜೆ ಒಬ್ಬ ಕಾರಣವಿಲ್ಲದೆ ತಟ್ಟೆ ಕೆರೆಯುತ್ತಿರುತ್ತಾನೆ. ಹಾಡುಗಾರನಿಗೆ ಅಪ್ಪನ ಮೇಲಿನ ಸಿಟ್ಟು ನಾಲ್ಕನೇ ಹಾಡಿಗೆ ತೀರಿಹೋಗಿ, ಉಳಿದದ್ದನ್ನು ಮೇಷ್ಟ್ರುಗಳ ಮೇಲೆ ತೀರಿಸಿಕೊಳ್ಳುತ್ತಾನೆ. ಆದರೆ ನಡುವೆ ಒಂದೊಂದು ಸಿಕ್ಕಿಬಿಡುತ್ತದೆ.

ಸಿಗುವುದು ಸಿಡಿ ಡಬ್ಬಿಯೊಳಗಿನ ಪುಸ್ತಿಕೆಯ ಕೊನೆಯ ಪುಟದಲ್ಲಿ. ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿಗೆ ತಾಗಿಸಿ ಓದಬೇಕಾದ ಕೃತಜ್ಞತೆಯ ಪಟ್ಟಿಯದು. ನಮ್ಮ ಮದುವೆ ಕಾಗದದ ‘ಸುಖಾಗಮನ ಬಯಸುವವರು’ ಇದ್ದ ಹಾಗೆ: ಯಾರಿಗೆ ಯಾರು ಬೀಗರು, ಯಾರನ್ನು ಬೇಕೆಂದೇ ಬಿಟ್ಟಿದ್ದಾರೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಕಾರ್ನ್‌ನ ಮೊದಲ ಆಲ್ಬಮ್ ಮಾಡಿಸಿದ ರಾಸ್ ರಾಬಿನ್ಸನ್ ಹೆಸರಿನ ಬೆನ್ನು ಹತ್ತಿದರೆ 1997ರ ‘ಇ-ಲಕ್ಸ್’ ಸಿಗುತ್ತದೆ. ಹ್ಯೂಮನ್ ವೇಸ್ಟ್ ಪ್ರಾಜೆಕ್ಟ್ ಎಂಬ ಆ ತಂಡದ ಹೆಸರನ್ನು ಊಟದ ಹೊತ್ತಿಗೆ ಹೇಳುವಂತಿಲ್ಲ. ಅದರ ಗಾಯಕಿ ಏಮಿ ಎಕೋ ಕಂಠ ಮಾತ್ರ ಅಪರಂಜಿ. ಅಲ್ಲಿಂದ ಗ್ಲಾಸ್‌ಜಾ ತಂಡದ 2000ದ ಆಲ್ಬಮ್‌ಗೆ ಬಂದೆ. ಅದನ್ನು ಹಾಲ್‌ನಲ್ಲಿ ಜೋರಾಗಿ ಹಾಕಿದಾಗ ಅಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ, “ಪಾಪ, ಆ ಹುಡುಗನಿಗೆ ಯಾರಾದರೂ ಒಂದು ಚೂರು ಜೇಷ್ಠಮಧು ಕೊಡಬಾರದೇನೋ” ಅಂದಳು. ಇಷ್ಟು ಕರುಣೆಯ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಸ್ಯಾಕ್ರಮೆಂಟೊ ಅಂದರೆ ಎಲ್ಲರೂ ಡೆಫ್‌ಟೋನ್ಸ್ ಅನ್ನುತ್ತಾರೆ. ಅದೇ ಊರಿನ ಫಾರ್ ತಂಡ 1998ರಲ್ಲಿ ‘ವಾಟರ್ ಆ್ಯಂಡ್ ಸಲ್ಯೂಷನ್ಸ್’ ಮಾಡಿ, ಮರುವರ್ಷ ಒಡೆದುಹೋಯಿತು. ಹತ್ತಿರ ಹತ್ತು ವರ್ಷದ ಬಳಿಕ ಮತ್ತೆ ಸೇರಿ, ಜಿನುವೈನ್‌ನ ಹಳೆಯ ಆರ್ ಆ್ಯಂಡ್ ಬಿ ಹಾಡೊಂದನ್ನು ಗಿಟಾರಿಗೆ ಏರಿಸಿದರು ನೋಡಿ, ರೇಡಿಯೊದವರು ಅದನ್ನು ಹೊತ್ತು ಮೆರೆಸಿದರು! ಬೆವರು ಸುರಿಸಿ ಮಾಡಿದ್ದು ಮೂಲೆ ಸೇರಿತು, ಚೇಷ್ಟೆ ಮಾತ್ರ ಊರೆಲ್ಲ ಸುತ್ತಿತು.

ನನ್ನ ಪ್ರಾಣ ಇರುವುದು ಫೇಲ್ಯೂರ್ ತಂಡದ ‘ಫೆಂಟಾಸ್ಟಿಕ್ ಪ್ಲಾನೆಟ್’ನಲ್ಲಿ. 1996ರದ್ದು, 17 ತುಣುಕುಗಳು. ಬೇಸ್ ಗಿಟಾರ್ ಮುಂದೆ ನಿಂತು ಹಾಡನ್ನು ಎಳೆದುಕೊಂಡು ಹೋಗುತ್ತದೆ. ನಡುನಡುವೆ ‘ಸೆಗ್ವೇ 1’, ‘2’, ‘3’ ಎಂಬ ಪುಟ್ಟ ವಾದ್ಯಸಂಗೀತ. ಮರುವರ್ಷ ತಂಡ ಚದುರಿತು. ಆಮೇಲೆ 2015ರಲ್ಲಿ ಹೊಸ ಆಲ್ಬಮ್ ತಂದವರು, ನಡುವೆ ಏನೂ ನಡೆದೇ ಇಲ್ಲವೆಂಬಂತೆ ‘ಸೆಗ್ವೇ 4’ರಿಂದ ಎಣಿಕೆ ಮುಂದುವರಿಸಿದರು. ಹತ್ತೊಂಬತ್ತು ವರ್ಷ ಆ ಲೆಕ್ಕ ಜೋಪಾನ ಮಾಡಿದವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಮಹಡಿ ಮನೆಯ ಇಂಜಿನಿಯರಿಂಗ್ ಹುಡುಗನಿಗೆ ಇದನ್ನು ಕೇಳಿಸಿದೆ. “ಅಂಕಲ್, ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?” ಅಂದ. ಹಿಗ್ಗಿದೆ. ವಾರ ಕಳೆಯುವುದರೊಳಗೆ ಅವನ ಗೆಳೆಯರೆಲ್ಲ ಮೆಟ್ಟಿಲ ಮೇಲೆ ಕೂತು ಅದೇ ರಾಗ ಎಳೆಯತೊಡಗಿದರು. ಯಾರೂ ಕೇಳುವುದಿಲ್ಲವೆಂದು ಇಷ್ಟು ವರ್ಷ ಗೋಳಾಡಿದವನಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ನಿನ್ನೆ ಸಂಜೆ ಬಂದು, “ಇಂಥದ್ದು ಇನ್ನೇನಾದ್ರೂ ಇದೆಯಾ ಅಂಕಲ್?” ಎಂದು ಕೇಳಿದ. ಟೀಪಾಯಿಯ ಮೇಲಿದ್ದ ‘ಇ-ಲಕ್ಸ್’ನ ಮೇಲೆ ಪ್ರಜಾವಾಣಿ ಹರಡಿ, “ಪರೀಕ್ಷೆ ಯಾವಾಗಪ್ಪಾ ನಿಂಗೆ?” ಅಂದೆ.