ಟಾನ್ಸಿಲ್ ತೀರ್ಮಾನ ಸಮಿತಿಯ ವರದಿ

ಪದೇ ಪದೇ ಜ್ವರ ಬರುವ ಮಗುವಿಗೆ ಟಾನ್ಸಿಲ್ ತೆಗೆಸಬೇಕೇ, ಬೇಡವೇ ಎಂದು ಹೇಳುವ ಪೂರ್ಣ ಅರ್ಹತೆ ನನಗಿದೆ. ನನ್ನ ಟಾನ್ಸಿಲ್ ಇಂದಿಗೂ ನನ್ನ ಗಂಟಲಲ್ಲೇ ಇದೆ. ಜೊತೆಗೆ, ಒಂದು ಇಎನ್‌ಟಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎರಡು ಸಲ ಕಾಫಿ ಕುಡಿದಿದ್ದೇನೆ. ಆದ್ದರಿಂದ ತಂಗಿಯ ಐದು ವರ್ಷದ ಮಗನ ಗಂಟಲಿನ ವಿಚಾರಣೆಗೆ ನಾನೇ ಅಧ್ಯಕ್ಷನಾದೆ.

ಸದಸ್ಯರೆಲ್ಲ ಸರದಿಯಂತೆ ಮೊಬೈಲ್ ಟಾರ್ಚ್ ಹಿಡಿದು 'ಆ ಅನ್ನು ಪುಟ್ಟಾ' ಎಂದರು. ಮೊಸರು ನಿಲ್ಲಿಸಿದರೆ ಸಾಕು ಎಂದು ಅಮ್ಮ. ತೆಗೆಸಿಬಿಡೋಣ, ಹೇಗೂ ಇನ್ಶೂರೆನ್ಸ್ ಇದೆ ಎಂಬ ಶುದ್ಧ ವೈದ್ಯಕೀಯ ಕಾರಣ ಕೊಟ್ಟವರು ಭಾವ. ತೆಗೆದರೆ ಕಂಠ ಕೆಡುತ್ತದೆ ಎಂದರು ಚಿಕ್ಕಪ್ಪ. ಟಾನ್ಸಿಲ್ ಉಳಿಸಿಕೊಂಡ ಅವರ ಹಾಡುಗಾರಿಕೆಯನ್ನು ನಾವೆಲ್ಲ ಕೇಳಿದ್ದೇವೆ. ಆಪರೇಷನ್ ಆದಮೇಲೆ ಐಸ್‌ಕ್ರೀಂ ಕೊಡುತ್ತಾರೆಂದು ತಿಳಿದು ರೋಗಿಯೂ ತೆಗೆಸುವ ಪರ ಕೈಯೆತ್ತಿದ.

ಗಂಟಲಿಗೆ ಇಣುಕಿ ತೀರ್ಪು ಕೊಡುವ ಈ ವಿಧಾನಕ್ಕೆ ದೊಡ್ಡ ಪರಂಪರೆಯಿದೆ. 1934ರಲ್ಲಿ ವರದಿಯಾದ ನ್ಯೂಯಾರ್ಕ್ ಅಧ್ಯಯನದಲ್ಲಿ 1000 ಶಾಲಾ ಮಕ್ಕಳ ಪೈಕಿ 611 ಮಂದಿಗೆ ಆಗಲೇ ಟಾನ್ಸಿಲ್ ತೆಗೆದಾಗಿತ್ತು. ಉಳಿದವರನ್ನು ನೋಡಿದ ವೈದ್ಯರು ಶೇ. 45ರಷ್ಟು ಮಕ್ಕಳಿಗೆ ತೆಗೆಯಬೇಕೆಂದರು. 'ಬೇಡ' ಎನಿಸಿಕೊಂಡವರನ್ನು ಬೇರೆ ವೈದ್ಯರಿಗೆ ತೋರಿಸಿದರೆ ಅವರಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು. ಮೂರನೇ ಸುತ್ತಿನಲ್ಲೂ ಅದೇ ಕಥೆ. ಕೊನೆಗೆ ಪಾರಾದವರು 65 ಮಕ್ಕಳು. ನೋಡಲು ಹೊಸ ವೈದ್ಯರು ಸಿಗದೆ ಪರೀಕ್ಷೆ ಅಲ್ಲಿಗೆ ನಿಂತಿತು. ನಮ್ಮ ಮನೆಯಲ್ಲಿ ಆ ಕೊರತೆಯಿಲ್ಲ.

1984ರಲ್ಲಿ ಪಿಟ್ಸ್‌ಬರ್ಗಿನ ಡಾ. ಜ್ಯಾಕ್ ಪ್ಯಾರಡೈಸ್ ಎಂಬವರು ಈ ಪರಂಪರೆಗೆ ಕಲ್ಲು ಹಾಕಿದರು. ಗಂಟಲು ಸೋಂಕು ಒಂದು ವರ್ಷದಲ್ಲಿ 7 ಸಲ, ಅಥವಾ ಸತತ ಎರಡು ವರ್ಷ 5ರಂತೆ, ಅಥವಾ ಸತತ ಮೂರು ವರ್ಷ 3ರಂತೆ ಬಂದಿದ್ದರೆ ಮಾತ್ರ ಆಪರೇಷನ್ನಿನ ಮಾತು. ಅದೂ ಬಾಯಿಮಾತಲ್ಲ, ಪ್ರತಿ ಸಲದ್ದೂ ದಾಖಲಾಗಿರಬೇಕು: 101 ಡಿಗ್ರಿ ಮೀರಿದ ಜ್ವರವೋ, ಟಾನ್ಸಿಲ್ ಮೇಲೆ ಕೀವೋ, ಕತ್ತಿನಲ್ಲಿ ಗಂಟೋ, ಪರೀಕ್ಷೆಯಲ್ಲಿ ಸ್ಟ್ರೆಪ್ ಬ್ಯಾಕ್ಟೀರಿಯಾ ಪತ್ತೆಯಾದದ್ದೋ. ಬರೀ ನೆಗಡಿ ಜ್ವರ ಲೆಕ್ಕಕ್ಕಿಲ್ಲ. ಇದನ್ನು ಸಮಿತಿ ಒಪ್ಪಲಿಲ್ಲ. 'ಯಾವಾಗ ನೋಡಿದರೂ ಜ್ವರ' ಎಂಬ ನಮ್ಮ ಅಳತೆಗೆ ಎಣಿಸುವ ತಾಪತ್ರಯವೇ ಇಲ್ಲ.

ತಂಗಿ ಮಾತ್ರ ಶಿಸ್ತು ಮುರಿದಳು. ಅಡುಗೆಮನೆಯ ಹಾಲಿನ ಲೆಕ್ಕದ ಕ್ಯಾಲೆಂಡರನ್ನು ಮೊಳೆಯಿಂದ ಬಿಚ್ಚಿ ಆಸ್ಪತ್ರೆಗೆ ಒಯ್ದಳು. 'ಅರ್ಧ ಲೀಟರ್ ಜಾಸ್ತಿ' ಎಂಬುದರ ಕೆಳಗೆ 'ಜ್ವರ 102, ಗಂಟಲಲ್ಲಿ ಬಿಳಿ ಚುಕ್ಕೆ'; ಇನ್ನೊಂದು ತಿಂಗಳಲ್ಲಿ 'ಮೂಗು ಸೋರುತ್ತೆ, 100'. ಡಾಕ್ಟರಮ್ಮ ಹಾಳೆ ತಿರುವಿ ಎಣಿಸಿದರು: ಗಂಟಲಿನದು ನಾಲ್ಕು, ನೆಗಡಿಯದು ಮೂರು. ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ಕಟ್ಟುತ್ತದೆಯೇ, ಮೂರು-ನಾಲ್ಕು ವಾರಕ್ಕೊಮ್ಮೆ ಹೇಳಿಟ್ಟಂತೆ ಜ್ವರ ಬರುತ್ತದೆಯೇ ಎಂದು ಕೇಳಿದರು. ಹಾಗಿದ್ದರೆ ಯೋಚನೆಯ ದಾರಿಯೇ ಬೇರೆಯಂತೆ. ಎರಡೂ ಇರಲಿಲ್ಲ. ಆಪರೇಷನ್ ಎಂದರೆ ಅರಿವಳಿಕೆ ಕೊಡಬೇಕು, ಹತ್ತು-ಹದಿನಾಲ್ಕು ದಿನ ನೋವು, ವಾರದ ಹೊತ್ತಿಗೆ ಹಕ್ಕಳೆ ಕಳಚುವಾಗ ರಕ್ತ ಬಂದರೂ ಬಂದೀತು. ಎಷ್ಟೋ ಮಕ್ಕಳಿಗೆ ಬೆಳೆಯುತ್ತಾ ತಾನಾಗಿಯೇ ಕಡಿಮೆಯಾಗುತ್ತದೆ ಎಂದರು. 'ಸದ್ಯಕ್ಕೆ ಕಾಯೋಣಮ್ಮ. ಬರೆಯೋದು ಬಿಡಬೇಡಿ.'

ಕ್ಯಾಲೆಂಡರ್ ಮೊಳೆಗೆ ಮರಳಿದೆ. ಈಗ ಅದಕ್ಕೆ ದಾರದಲ್ಲಿ ಒಂದು ಪೆನ್ನೂ ನೇತಾಡುತ್ತಿದೆ.

ಸಮಿತಿಯ ಶಿಫಾರಸು ಒಂದೇ: ಓದುಗರು ತಮ್ಮ ಮನೆಯ ಕ್ಯಾಲೆಂಡರಿಗೆ ದಯವಿಟ್ಟು ಪೆನ್ನು ಕಟ್ಟಬಾರದು. ಕಟ್ಟಿದ ಮನೆಯಲ್ಲಿ ನಮ್ಮಂಥ ತಜ್ಞರಿಗೆ ಕಾಫಿ ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ.